ಹ್ಯುಮಿಲಿಟಿ, ಹ್ಯೂಮಸ್, ಹ್ಯೂಮರ್: ಮೂರೂ ಒಂದೇ ಬೇರಾ?

ಮಗಳು ವಿನಯದ ಬಗ್ಗೆ ಭಾಷಣ ಮಾಡಬೇಕು, ಅದಕ್ಕೆ ಇಂಗ್ಲಿಷಿನ ಹ್ಯುಮಿಲಿಟಿ (ವಿನಯ), ಹ್ಯೂಮಸ್ (ಎಲೆ ಕೊಳೆತು ಆದ ಕರಿ ಮಣ್ಣು), ಹ್ಯೂಮರ್ (ಹಾಸ್ಯ) ಮೂರೂ ಒಂದೇ ಬೇರಿನಿಂದ ಬಂದ ಪದಗಳಾ ಅಂತ ಕೇಳಿದ್ದೀರಿ. ಸದ್ದು ಒಂದೇ ಥರ ಇದೆ ಅಂತ ಮೂರನ್ನೂ ಒಟ್ಟಿಗೆ ಕಟ್ಟಿದ್ದೇ ನಿಮ್ಮ ಗೊಂದಲಕ್ಕೆ ಕಾರಣ ಇರಬೇಕು. ಮಗಳ ವಿನಯದ ಭಾಷಣದಿಂದ ಮೊದಲು ಹ್ಯೂಮರ್ ತೆಗೆದುಬಿಡಿ. ಅದು ಲ್ಯಾಟಿನ್‌ನಲ್ಲಿ ತೇವ, ದ್ರವ ಅನ್ನೋ ಪದದಿಂದ ಬಂದದ್ದು.

ಉಳಿದ ಎರಡು ನಿಜವಾದ ನೆಂಟರು. ಲ್ಯಾಟಿನ್‌ನಲ್ಲಿ ಹ್ಯೂಮಸ್ ಅಂದರೆ ನೆಲ. ಅದರಿಂದ ಹ್ಯುಮಿಲಿಸ್, ಅಂದರೆ ನೆಲಕ್ಕೆ ಹತ್ತಿರ, ತಗ್ಗು. ಅದೇ ಫ್ರೆಂಚ್ ದಾಟಿ ಇಂಗ್ಲಿಷಿಗೆ ಹ್ಯುಮಿಲಿಟಿಯಾಗಿ ಬಂತು. ಶಿರಸಿ ಕಡೆ ಮಕ್ಕಳಿಗೆ ಇದನ್ನು ಹೇಳೋದು ಸುಲಭ. ಸೊಪ್ಪಿನ ಬೆಟ್ಟದಿಂದ (ತೋಟಕ್ಕೆ ಸೊಪ್ಪು ತರೋ ಕಾಡು) ತಂದ ದರಕು, ಅಂದರೆ ಒಣಗಿ ಉದುರಿದ ಎಲೆ, ಅಡಿಕೆ ಮರದ ಬುಡದಲ್ಲಿ ಕೊಳೆತು, ಹಿಡಿದರೆ ಬೆರಳ ಸಂದಿಯಲ್ಲಿ ಉದುರೋ ಕರಿ ಮಣ್ಣಾಗುತ್ತಲ್ವಾ? ಕೃಷಿಯವರು ಹ್ಯೂಮಸ್ ಅನ್ನೋದು ಅದನ್ನೇ. ಒಂದು ಹಿಡಿ ಪೊಟ್ಟಣದಲ್ಲಿ ಕೊಟ್ಟು ಕಳಿಸಿ, ಭಾಷಣ ಅರ್ಧ ಗೆದ್ದ ಹಾಗೆ.

ಆಮೇಲೆ ಮಾಡೆಸ್ಟಿ, ವಿನಯಕ್ಕೆ ಇಂಗ್ಲಿಷಿನ ಇನ್ನೊಂದು ಪದ. ಅದರ ಬೇರು ಲ್ಯಾಟಿನ್‌ನ ಮೋಡಸ್, ಅಂದರೆ ಅಳತೆ. ಮಾಡರೇಟ್ (ಮಿತವಾದ) ಕೂಡ ಅಲ್ಲಿಂದಲೇ.

ಹಂಬಲ್ ಪೈ (ತಪ್ಪೊಪ್ಪಿ ತಗ್ಗೋದಕ್ಕೆ ಇಂಗ್ಲಿಷಿನಲ್ಲಿ ಬಳಸೋ ಮಾತು) ಸೇರಿಸೋದಾದರೆ ಜೋಕೆ. ಅದು ಮೂಲದಲ್ಲಿ ಅಂಬಲ್ಸ್, ಜಿಂಕೆಯ ಕರುಳು-ಕಲೀಜ ಹಾಕಿ ಮಾಡುತ್ತಿದ್ದ ತಿಂಡಿ. ವಿನಯಕ್ಕೂ ಅದಕ್ಕೂ ನಂಟು ಸುಮ್ನೆ ಸದ್ದಿನಿಂದ ಹುಟ್ಟಿದ್ದು.

ಟೀಚರ್ ಕೊಟ್ಟ ಪದ ಯಾವುದು ಅಂತ ನೀವು ಬರೆದಿಲ್ಲ. ಹ್ಯುಮಿಲಿಟಿ ಆದರೆ ಮಣ್ಣಿನಿಂದ ಶುರು ಮಾಡಿಸಿ, ಮಾಡೆಸ್ಟಿ ಆದರೆ ಅಳತೆಯಿಂದ.