ದನಿ ಏರಿಸುವ ಆಪರೇಶನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ಕಾರ್ರಿ. ನಾನು ಟ್ರಾನ್ಸ್‌ಜೆಂಡರ್ ಮಹಿಳೆ. 3 ವರ್ಷ ಆತು ಹಾರ್ಮೋನ್ ಗುಳಿಗಿ ತಗೊಳ್ಳಾಕತ್ತೇನಿ, ದನಿ ಮಾತ್ರ ಬದಲಾಗಿಲ್ಲ. ಫೋನಿನ್ಯಾಗ ಎಲ್ಲಾರೂ ‘ಸರ್’ ಅಂತಾರ. ಆಪರೇಶನ್ ಮಾಡಿಸಿದ್ರ ಹೆಣ್ಣಿನ ದನಿ ಬರತೈತೇನ್ರಿ? ಗುಡ್ಡದಾಗ ಚೌಡಿಕಿ ಹಿಡಿದು ಯಲ್ಲಮ್ಮನ ಪದಾ ಹಾಡತೇನಿ, ಅದಕ್ಕೇನರ ತೊಂದ್ರಿ ಆಗತೈತೇನ್ರಿ?
(ಹೆಸರು ಬೇಡ, ಸವದತ್ತಿ)

ಉತ್ತರ: ಹಾಡಿನ ಮಾತನ್ನೇ ಮೊದಲು ಹೇಳುತ್ತೇವೆ, ನಿಮ್ಮ ತೀರ್ಮಾನಕ್ಕೆ ಅದೇ ಮುಖ್ಯ. ಈ ಆಪರೇಶನ್ ಆದ ಮೇಲೆ ಕೆಳಗಿನ ಸ್ವರಗಳು ಹೋಗುತ್ತವೆ, ದನಿಯ ಜೋರೂ ತಗ್ಗಬಹುದು. ಭರತ ಹುಣ್ಣಿಮೆ ಜಾತ್ರೆಯ ಗದ್ದಲದಲ್ಲಿ ಮೈಕಿಲ್ಲದೆ ಮೊದಲಿನಂತೆ ಎತ್ತಿ ಹಾಡಲು ಆಗದೇ ಹೋಗಬಹುದು. ಹೋದದ್ದನ್ನು ಪೂರ್ತಿ ಮರಳಿ ತರುವ ದಾರಿಯಿಲ್ಲ. ಹಾಡೇ ನಿಮ್ಮ ಬದುಕಾಗಿದ್ದರೆ ಅವಸರ ಬೇಡ.

ಹರೆಯದಲ್ಲಿ ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್ ಗಂಟಲಿನ ಸ್ವರತಂತುಗಳನ್ನು ಉದ್ದ, ದಪ್ಪ ಮಾಡಿಬಿಟ್ಟಿರುತ್ತದೆ. ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಅದನ್ನು ಹಿಂದಕ್ಕೆ ತರಲಾರದು. ದನಿಗಾಗಿ ಗುಳಿಗೆ ಹೆಚ್ಚಿಸಿಕೊಂಡರೆ ಸಿಗುವುದು ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ.

ಚೌಡಿಕೆ ನುಡಿಸುವವರಿಗೆ ಉಳಿದದ್ದು ಬೇಗ ತಿಳಿಯುತ್ತದೆ. ತಂತಿಯ ಸ್ವರ ಏರಬೇಕೆಂದರೆ ಅದನ್ನು ಬಿಗಿ ಮಾಡಬೇಕು, ಇಲ್ಲವೇ ಗಿಡ್ಡ ಮಾಡಬೇಕು. ಬಿಗಿ ಮಾಡುವ ವಿಧಾನ ಜಪಾನಿನ ವೈದ್ಯ ಇಶ್ಶಿಕಿ 1970ರ ದಶಕದಲ್ಲಿ ತಂದದ್ದು. ಕುತ್ತಿಗೆಯ ಮುಂದೆ ಕೊಯ್ದು, ಧ್ವನಿಪೆಟ್ಟಿಗೆಯ ಎರಡು ಮೃದ್ವಸ್ಥಿಗಳನ್ನು ಹತ್ತಿರ ಎಳೆದು ಹೊಲಿಯುತ್ತಾರೆ. ಕಾಲ ಕಳೆದಂತೆ ಹಿಡಿತ ಸಡಿಲಾಗಿ ಸ್ವರ ಮತ್ತೆ ಇಳಿಯುವುದು ಇದರ ದೊಡ್ಡ ದೋಷ. ಹೊರಗೆ ಗಾಯದ ಗುರುತೂ ಉಳಿಯುತ್ತದೆ. ಗಿಡ್ಡ ಮಾಡುವುದು ಜರ್ಮನಿಯ ವೈದ್ಯ ವೆಂಡ್ಲರ್ ಹೆಸರಿನ ಗ್ಲಾಟೊಪ್ಲಾಸ್ಟಿ. ಪೂರ್ತಿ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕವೇ ಒಳಹೋಗಿ, ಎರಡೂ ತಂತುಗಳ ಮುಂಭಾಗದ ಸುಮಾರು ಮೂರನೇ ಒಂದು ಪಾಲಿನ ಮೇಲ್ಪದರ ತೆಗೆದು ಒಂದಕ್ಕೊಂದು ಹೊಲಿಯುತ್ತಾರೆ. ಹಿಂದೆ ಉಳಿದ ಗಿಡ್ಡ ಭಾಗವಷ್ಟೇ ಕಂಪಿಸುತ್ತದೆ. ಎರಡರಲ್ಲಿ ನಮ್ಮ ಒಲವು ಇದರ ಕಡೆಗೇ.

ಆದರೆ ಏರುವುದು ಸ್ವರವಷ್ಟೇ. ಗಂಡಸರ ಮಾತು ಸಾಮಾನ್ಯವಾಗಿ 100ರಿಂದ 130 ಹರ್ಟ್ಸ್ (ಸೆಕೆಂಡಿಗೆ ತಂತುಗಳು ಅಷ್ಟು ಸಲ ಕಂಪಿಸುತ್ತವೆ), ಹೆಂಗಸರದು 180ರಿಂದ 220. ಸ್ವರ 200 ಮುಟ್ಟಿದರೂ ಕೇಳುವವರಿಗೆ ಗಂಡುದನಿ ಅನ್ನಿಸಬಹುದು, ಏಕೆಂದರೆ ದನಿ ಗುಂಯ್‌ಗುಡುವ ಗಂಟಲು ಮತ್ತು ಬಾಯಿಯ ಪೊಳ್ಳು ಆಪರೇಶನ್ನಿನಿಂದ ಬದಲಾಗುವುದಿಲ್ಲ. ಸ್ವರತಂತುವಿನಿಂದ ತುಟಿಯವರೆಗಿನ ಆ ದಾರಿ ಗಂಡಸರಲ್ಲಿ ಸುಮಾರು 17 ಸೆಂ.ಮೀ., ಹೆಂಗಸರಲ್ಲಿ 14-15. ಚೌಡಿಕೆಯ ತಂತಿ ಬದಲಿಸಿದರೂ ಅದರ ಪೊಳ್ಳು ಒಡಲು ಅದೇ ಉಳಿದಂತೆ. ನಾಲಿಗೆ ಮುಂದೆ ತಂದು, ದನಿಯನ್ನು ಎದೆಯಿಂದ ಮುಖದ ಕಡೆಗೆ ತರುವುದನ್ನು ಸ್ಪೀಚ್ ಥೆರಪಿಸ್ಟ್ ಹತ್ತಿರ ಕಲಿಯಬೇಕು. ಕೆಲವು ತಿಂಗಳು ಇದನ್ನೇ ಮೊದಲು ಮಾಡಿ. ಎಷ್ಟೋ ಜನರಿಗೆ ಇಷ್ಟೇ ಸಾಕಾಗುತ್ತದೆ, ಹಾಡೂ ಉಳಿಯುತ್ತದೆ.

ಮನೆಯಲ್ಲಿ ಮಾಡಬಹುದಾದ್ದು: ಲೋಟದಲ್ಲಿ ಅರ್ಧ ನೀರು ಹಾಕಿ, ಸ್ಟ್ರಾ 2 ಸೆಂ.ಮೀ. ಮುಳುಗಿಸಿ, ಗುಳ್ಳೆ ಎದ್ದಂತೆ ‘ಊ’ ಎಂದು ಮೆಲ್ಲಗೆ ಸ್ವರ ಏರಿಸಿ, ಇಳಿಸಿ. ಹೊತ್ತಿಗೆ 5 ನಿಮಿಷದಂತೆ ದಿನಕ್ಕೆ ನಾಲ್ಕೈದು ಸಲ. ಹೆಚ್ಚಿನವರು ತಪ್ಪುವುದು ಗಂಟಲು ಬಿಗಿಹಿಡಿದು ಕೀರಲು ದನಿ ತೆಗೆಯುವುದರಲ್ಲಿ. ನೋವು, ಗೊಗ್ಗರು ಬಂದರೆ ಅಂದು ಬಿಟ್ಟುಬಿಡಿ.

ಆಪರೇಶನ್ನೇ ಬೇಕೆಂದರೆ, ಆಮೇಲೆ ಒಂದೆರಡು ವಾರ ಪೂರ್ತಿ ಮೌನ. ಪಿಸುಮಾತೂ ಕೂಡದು, ಬೇಕಾದ್ದನ್ನು ಬರೆದು ತೋರಿಸಿ. ಜೋರಾಗಿ ಕೆಮ್ಮಿದರೆ, ಕ್ಯಾಕರಿಸಿದರೆ, ತುಂಬಿದ ಕೊಡ ಎತ್ತಿದರೆ ಹೊಲಿಗೆ ಬಿಡಬಹುದು, ಸ್ವರ ಮತ್ತೆ ಕುಸಿಯಬಹುದು. ಭಂಡಾರ ತೂರುವ ಕಡೆ ಆ ತಿಂಗಳು ಹೋಗಬೇಡಿ, ಪುಡಿ ಮೂಗಿಗೆ ಹೋದರೆ ಕೆಮ್ಮು ತಪ್ಪದು. ಹೊಟ್ಟೆಯ ಹುಳಿ ಮೇಲೆ ಬಂದರೆ ಗಾಯ ಬೇಗ ಮಾಯುವುದಿಲ್ಲ. ಅದಕ್ಕೇ ಮೆಣಸಿನಕಾಯಿಯ ರಂಜಕ ದೂರವಿಡಿ, ಮಲಗುವ 3 ತಾಸು ಮೊದಲೇ ಊಟ ಮುಗಿಸಿ. ಬೀಡಿ, ಗುಟ್ಕಾ ವಾರಗಳ ಮೊದಲೇ ಬಿಡಿ. ಮೊದಮೊದಲು ದನಿ ಒಡೆದೇ ಇರುತ್ತದೆ. ಸ್ಥಿರವಾಗಲು 6 ತಿಂಗಳು, ಒಮ್ಮೊಮ್ಮೆ ವರ್ಷ ಬೇಕು.

ಪ್ರಶ್ನೆ: ಕುತ್ತಿಗೆಯ ಮುಂದಿನ ಉಬ್ಬು ತೆಗೆಸಿದರೆ ದನಿಯೂ ಸಣ್ಣ ಆಗುತ್ತದೆಯೇ?
(ಓದುಗರು, ಬಾಗಲಕೋಟೆ)

ಉತ್ತರ: ಇಲ್ಲ. ಅದು ನೋಟಕ್ಕಷ್ಟೇ. ಆದರೆ ಸ್ವರತಂತುಗಳ ಮುಂದಿನ ತುದಿ ಅಂಟಿರುವುದು ಆ ಉಬ್ಬಿನ ಮೃದ್ವಸ್ಥಿಯ ಒಳಮೈಗೇ. ಉಬ್ಬನ್ನು ಹೆಚ್ಚು ಕೆರೆದು ತೆಗೆದರೆ ಅಂಟು ಸಡಿಲಾಗಿ ದನಿ ಇನ್ನೂ ದಪ್ಪಗಾಗಬಹುದು. ಕೆರೆಯುವಾಗ ಒಳಗಿನಿಂದ ಕ್ಯಾಮೆರಾ ಇಟ್ಟು ತಂತುಗಳ ಜಾಗ ಗುರುತಿಸುತ್ತೀರಾ ಎಂದು ಸರ್ಜನ್‌ರನ್ನು ಕೇಳಿ.

ಪ್ರಶ್ನೆ: ಗ್ಲಾಟೊಪ್ಲಾಸ್ಟಿ ಆಗಿದೆ. ಈಗ ಅಪೆಂಡಿಕ್ಸ್ ಆಪರೇಶನ್ ಇದೆ. ವೈದ್ಯರಿಗೆ ಹೇಳಲೇಬೇಕೆ?
(ಓದುಗರು, ವಿಜಯಪುರ)

ಉತ್ತರ: ಹೇಳಲೇಬೇಕು, ಅದೂ ಅರಿವಳಿಕೆ ಕೊಡುವವರಿಗೇ. ನಿಮ್ಮ ಸ್ವರತಂತುಗಳ ನಡುವಿನ ದಾರಿ ಈಗ ಕಿರಿದಾಗಿದೆ. ಉಸಿರಾಟಕ್ಕೆ ಎಂದಿನ ಅಳತೆಯ ಕೊಳವೆ ತುರುಕಿದರೆ ಹೊಲಿದ ಜಾಗ ಹರಿಯಬಹುದು. ಸಣ್ಣ ಕೊಳವೆ ಬೇಕಾಗುತ್ತದೆ. ಹಳೆಯ ಡಿಸ್ಚಾರ್ಜ್ ಕಾರ್ಡ್ ಜೊತೆಗೆ ಒಯ್ಯಿರಿ.