ಹಾಜಿ ಪೀರ್ ಬಿಟ್ಟುಕೊಟ್ಟವರನ್ನು ಹೊಗಳುವುದು ಯಾಕೆ?

ನಮಸ್ಕಾರ. ನಿಮ್ಮ ಪತ್ರ ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ. ಲಾಲ್ ಬಹದ್ದೂರ್ ಶಾಸ್ತ್ರಿಯವರ ಶಾಂತಿಯ ಮಾತುಗಳನ್ನು ಹೋದ ಸಂಚಿಕೆಯಲ್ಲಿ ನಾವು ಮೆಚ್ಚಿ ಬರೆದದ್ದು ನಿಮಗೆ ಸಿಟ್ಟು ತರಿಸಿದೆ. 1965ರ ಪಾಕಿಸ್ತಾನ ಯುದ್ಧದಲ್ಲಿ ಸೈನಿಕರು ರಕ್ತ ಸುರಿಸಿ ಗೆದ್ದ ಹಾಜಿ ಪೀರ್ ಪಾಸನ್ನು, ಕಾಶ್ಮೀರದ ಆ ಬೆಟ್ಟದಾರಿಯನ್ನು, ತಾಷ್ಕೆಂಟಿನ ಶಾಂತಿ ಒಪ್ಪಂದದಲ್ಲಿ ಒಂದೇ ಸಹಿಯಲ್ಲಿ ಬಿಟ್ಟುಕೊಟ್ಟವರು ಅವರು, ಇದರಲ್ಲಿ ಆದರ್ಶ ಎಲ್ಲಿದೆ ಎಂದು ಕೇಳಿದ್ದೀರಿ. ಆ ಯುದ್ಧದಲ್ಲಿದ್ದ ನಿಮ್ಮ ತಂದೆ ಸುದ್ದಿ ಕೇಳಿದೊಡನೆ ರೇಡಿಯೋ ಆರಿಸಿ, ಮಾತಾಡದೆ ಎದ್ದು ಹೋದರು ಎಂದೂ ಬರೆದಿದ್ದೀರಿ. ಆ ಸಾಲು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಅವರ ನೋವಿಗೆ ಕಾರಣ ಇತ್ತು. ಉರಿಯಿಂದ ಪೂಂಚ್‌ಗೆ ಹೋಗುವ ದಾರಿ ಆ ಪಾಸಿನ ಮೇಲೇ ಇದೆ, ನುಸುಳುಕೋರರು ಬರುತ್ತಿದ್ದ ದಾರಿಯೂ ಅದೇ. 1965ರ ಆಗಸ್ಟ್ 28ರಂದು ನಮ್ಮವರು ಅದನ್ನು ಹಿಡಿದದ್ದು ಸುಲಭದ ಕೆಲಸ ಆಗಿರಲಿಲ್ಲ. ಶಾಸ್ತ್ರಿಯವರ ಸಂಪುಟದಲ್ಲೇ ಇದ್ದ ಮಹಾವೀರ ತ್ಯಾಗಿ ಇದೇ ಒಪ್ಪಂದವನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು.

ಆದರೆ ಶಾಸ್ತ್ರಿಯವರು ಹೆದರಿ ಸಹಿ ಹಾಕಿದರು ಅಂದರೆ ನಾನು ಒಪ್ಪಲಾರೆ. ಸೆಪ್ಟೆಂಬರ್ 6ರಂದು ಅಂತರರಾಷ್ಟ್ರೀಯ ಗಡಿ ದಾಟಿ ಲಾಹೋರ್ ಕಡೆ ಸೈನ್ಯ ಕಳಿಸಿದ್ದು ಇದೇ ಮನುಷ್ಯ ಅಲ್ವಾ? ಯುದ್ಧದಲ್ಲಿ ತೋರಿಸಿದಷ್ಟೇ ಧೈರ್ಯವನ್ನು ಶಾಂತಿಗಾಗಿಯೂ ತೋರಿಸಬೇಕು ಅನ್ನುವುದು ಅವರ ನಿಲುವು. 1966ರ ಜನವರಿ 10ರ ಒಪ್ಪಂದದಂತೆ, ಹಿಂದಿನ ಆಗಸ್ಟ್ 5ಕ್ಕೆ ಮೊದಲು ಯಾರು ಎಲ್ಲಿದ್ದರೋ ಅಲ್ಲಿಗೆ ಎರಡೂ ಸೈನ್ಯಗಳು ಫೆಬ್ರವರಿ 25ರೊಳಗೆ ವಾಪಸ್ ಹೋಗಬೇಕಿತ್ತು. ಹಾಜಿ ಪೀರ್ ನಮ್ಮ ಕೈಬಿಟ್ಟು ಹೋಯಿತು, ನಿಜ. ಜಮ್ಮು ಕಡೆಯ ಛಂಬ್ ಮತ್ತು ಪಂಜಾಬಿನ ಖೇಮಕರಣ್ ಆಗ ಪಾಕಿಸ್ತಾನದ ಕೈಯಲ್ಲಿದ್ದವು, ಅವು ನಮಗೆ ಬಂದವು. ಇದನ್ನು ಯಾಕೋ ಜಾಸ್ತಿ ಜನ ಹೇಳುವುದಿಲ್ಲ. ಖೇಮಕರಣ್‌ನಿಂದ ಮನೆಮಠ ಬಿಟ್ಟು ಓಡಿದವರಿಗೆ ತಮ್ಮ ಬಾಗಿಲಿಗೆ ಮರಳಲು ದಾರಿಯಾದದ್ದು ಆ ಸಹಿಯೇ.

ಇನ್ನೊಂದು ಮಾತು. 1956ರಲ್ಲಿ ಅವರು ರೈಲ್ವೆ ಸಚಿವರು. ಮೆಹಬೂಬ್‌ನಗರದ ಹತ್ತಿರ ಅಪಘಾತವಾದಾಗ ಕೊಟ್ಟ ರಾಜೀನಾಮೆಯನ್ನು ನೆಹರೂ ಒಪ್ಪಲಿಲ್ಲ. ಕೆಲವೇ ತಿಂಗಳಲ್ಲಿ, ನವೆಂಬರಿನ ಮಳೆಗೆ ಅರಿಯಲೂರಿನ ಬಳಿ ಸೇತುವೆ ಕುಸಿದು ರೈಲು ನದಿಗೆ ಬಿತ್ತು, ನೂರಕ್ಕೂ ಹೆಚ್ಚು ಜನ ಸತ್ತರು. ಸೇತುವೆ ಕಟ್ಟಿದ್ದು ಅವರಲ್ಲ, ರೈಲು ಓಡಿಸಿದ್ದೂ ಅವರಲ್ಲ. ಆದರೂ ಮತ್ತೆ ರಾಜೀನಾಮೆ ಬರೆದರು, ಈ ಸಲ ಹಟ ಬಿಡಲಿಲ್ಲ. ತಪ್ಪು ಶಾಸ್ತ್ರಿಯವರದ್ದಲ್ಲ, ಆದರೆ ಇದೊಂದು ಮಾದರಿಯಾಗಲಿ ಎಂದು ಒಪ್ಪುತ್ತಿದ್ದೇನೆ ಎಂದು ನೆಹರೂ ಸಂಸತ್ತಿನಲ್ಲಿ ಹೇಳಿದರು. ಮುಖ ನೋಡದ ಪ್ರಯಾಣಿಕರ ಸಾವನ್ನು ತನ್ನ ಲೆಕ್ಕಕ್ಕೆ ಬರೆದುಕೊಂಡವರು, ತಾನೇ ಯುದ್ಧಕ್ಕೆ ಕಳಿಸಿದ ಹುಡುಗರ ಸಾವನ್ನು ಹೇಗೆ ಹೊತ್ತಿರಬೇಕು? ತಾಷ್ಕೆಂಟಿನ ಸಹಿಯನ್ನು ನಾನು ಅಲ್ಲಿಂದ ನೋಡುತ್ತೇನೆ, ನೀವು ನಿಮ್ಮ ಮನೆಯ ರೇಡಿಯೋ ಪಕ್ಕದಿಂದ ನೋಡುತ್ತೀರಿ. ಸಹಿ ಹಾಕಿದ ರಾತ್ರಿಯೇ ಅವರು ತೀರಿಕೊಂಡರು, ನಾವಿಬ್ಬರೂ ಕೇಳಬೇಕೆಂದಿದ್ದನ್ನು ಯಾರೂ ಕೇಳಲಾಗಲಿಲ್ಲ.

ನಿಮ್ಮ ತಂದೆಯವರು ಆ ಯುದ್ಧದ ಬಗ್ಗೆ ಮನೆಯಲ್ಲಿ ಏನೇನು ಹೇಳಿದ್ದರೋ ಅದನ್ನು ಬರೆದು ಕಳಿಸುತ್ತೀರಾ? ಅವರ ಸಿಟ್ಟನ್ನೂ ಸೇರಿಸಿ, ಒಂದು ಸಾಲೂ ಕತ್ತರಿಸದೆ ಅಚ್ಚು ಹಾಕುತ್ತೇವೆ.