ಹಾಡೇ ಇಲ್ಲದ ಜಾನಪದ ಲೇಖನ: ಚಿತ್ರದುರ್ಗದ ಲೇಖಕರಿಗೊಂದು ಉತ್ತರ

ಮಾನ್ಯರೇ,

ಮೊಳಕಾಲ್ಮುರು, ಚಳ್ಳಕೆರೆ ಸೀಮೆಯ ಗುಡ್ಡಗಾಡಿನ ಪಶುಪಾಲಕ ಸಮುದಾಯವಾದ ಕಾಡುಗೊಲ್ಲರ ಹಾಡು ಮತ್ತು ಆಚರಣೆಗಳನ್ನು ಉಳಿಸಬೇಕೆಂದು ನೀವು ಬರೆದು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ನಿಮ್ಮ ಕಳಕಳಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಹಾಡು ನಶಿಸುತ್ತಿದೆ ಎಂದು ಪುಟಗಟ್ಟಲೆ ಮರುಗುವ ಬರಹದಲ್ಲಿ ಹಾಡಿನ ಒಂದು ಸಾಲೂ ಇಲ್ಲ, ಹಾಡಿದವರು ಯಾರು, ಯಾವ ಹೊತ್ತಿನಲ್ಲಿ, ಯಾರ ಮುಂದೆ ಹಾಡುತ್ತಾರೆ ಎಂಬ ವಿವರವೂ ಇಲ್ಲ.

‘ಗಣೆಯ ನಾದ ಮನಸೂರೆಗೊಳ್ಳುತ್ತದೆ’ ಎಂದಷ್ಟೇ ಹೇಳಿ ಮುಂದೆ ಹೋಗಿದ್ದೀರಿ. ಕಾಡುಗೊಲ್ಲರ ದೈವವಾದ ಜುಂಜಪ್ಪನ ಕಥೆ ಹೇಳುವಾತ ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲನ್ನು ಊದಿ, ಬಾಯಿಂದ ತೆಗೆದು ಸಾಲನ್ನು ಹಾಡಿ, ಮತ್ತೆ ಊದುತ್ತಾನೆ. ಹಾಡಿಗೂ ನಾದಕ್ಕೂ ಉಸಿರು ಒಂದೇ ಆದ್ದರಿಂದ, ಸಾಲು ಎಲ್ಲಿ ನಿಂತಿತು, ಗಣೆ ಎಲ್ಲಿ ಎದ್ದಿತು ಎಂಬುದನ್ನು ಗುರುತಿಸದೆ ಪದಗಳನ್ನಷ್ಟೇ ಬರೆದುಕೊಂಡರೆ ಅರ್ಧ ಹಾಡು ಅವರ ಊರಾದ ಹಟ್ಟಿಯಲ್ಲೇ ಉಳಿದುಬಿಡುತ್ತದೆ. ಇದೇ ಚಳ್ಳಕೆರೆ ತಾಲ್ಲೂಕಿನ ಜಾನಪದ ಗಾಯಕಿ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಹಾಡುಗಳನ್ನು ನೆನಪಿನಿಂದ ಹಾಡಿದವರು; ಅವರ ಹೆಸರೂ ನಿಮ್ಮ ಲೇಖನದಲ್ಲಿ ಬಾರದಿರುವುದು ನನಗೆ ಬೇಸರ ತಂದಿತು.

ಅಳಿವಿಗೆ ಮೊಬೈಲು, ಟಿ.ವಿ.ಗಳೇ ಕಾರಣವೆಂದು ತೀರ್ಮಾನಿಸಿದ್ದೀರಿ. ಈ ಹಾಡುಗಳು ದನಗಾಹಿಗಳವು, ದೇವರ ಎತ್ತುಗಳನ್ನು ಮೇಯಿಸುವ ಕಿಲಾರಿಗಳ ಬದುಕಿಗೆ ಹತ್ತಿರವಾದವು. ಖುದಾಪುರ, ಉಳ್ಳಾರ್ತಿ ಸುತ್ತಿನ ಅಮೃತಮಹಲ್ ಕಾವಲುಗಳಲ್ಲಿ, ಅಂದರೆ ದನಗಳ ಮೇವಿಗೆಂದು ಕಾಯ್ದಿಟ್ಟ ಹುಲ್ಲುಗಾವಲುಗಳಲ್ಲಿ, ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾದ ಮೇಲೆ ಮಂದೆಗಳು ಎಲ್ಲಿ ಮೇಯುತ್ತಿವೆ ಎಂದು ಹಟ್ಟಿಯ ಹಿರಿಯರನ್ನು ಕೇಳಿ ಬರೆಯಿರಿ. ಮೇವಿಲ್ಲದೆ ಮಂದೆ ಕರಗಿದರೆ ಹಾಡಿನ ಸಂದರ್ಭವೂ ಕರಗುತ್ತದೆ.

ಆಚರಣೆಗಳ ಭಾಗದ ಬಗ್ಗೆ ನನ್ನ ಆಕ್ಷೇಪ ಇನ್ನೂ ಕಟುವಾದುದು. ಮುಟ್ಟಾದವರನ್ನೂ ಬಾಣಂತಿಯನ್ನೂ ಹಟ್ಟಿಯ ಹೊರಗಿಡುವ ರೂಢಿಯನ್ನು ನೀವು ‘ಶುಚಿತ್ವದ ಪರಂಪರೆ’ ಎಂದು ಹೊಗಳಿದ್ದೀರಿ. ಮಳೆ ಚಳಿಯಲ್ಲಿ ಹಸುಗೂಸಿನೊಡನೆ ಗುಡಿಸಲಲ್ಲಿ ಮಲಗಿದವಳನ್ನು ಮಾತನಾಡಿಸದೆ ಹೀಗೆ ಬರೆಯುವುದು ತಪ್ಪು. ಅಮಾನವೀಯ ಆಚರಣೆಗಳನ್ನು ತಡೆಯುವ 2017ರ ರಾಜ್ಯ ಕಾಯ್ದೆಯೂ ಇಂಥ ಬಲವಂತವನ್ನು ಅಪರಾಧವೆನ್ನುತ್ತದೆ. ಸೋಬಾನೆ ಪದವನ್ನು ಉಳಿಸಲು ಈ ರೂಢಿಯನ್ನು ಉಳಿಸಬೇಕಾಗಿಲ್ಲ.

ಒಂದೇ ಹಾಡನ್ನು ಆರಿಸಿಕೊಳ್ಳಿ. ಹಾಡುವವರ ಒಪ್ಪಿಗೆ ಪಡೆದು ಪೂರ್ತಿ ಧ್ವನಿಮುದ್ರಿಸಿ, ಅವರ ನುಡಿಯನ್ನು ಗ್ರಂಥಸ್ಥ ಭಾಷೆಗೆ ತಿದ್ದದೆ ಬರೆದುಕೊಂಡು, ಅವರಿಗೇ ಓದಿ ಹೇಳಿದ ಮೇಲೆ ಹೊಸ ಲೇಖನವನ್ನು ಕಳುಹಿಸಿ. ಅದನ್ನು ಓದಲು ನಾನು ಕಾಯುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಸಂಪಾದಕ